ಮೂರು ತಟ್ಟು, ಬಿಡುವು, ಒಂದು ತಟ್ಟು

ಬೆಳಗ್ಗೆ ಇನ್ನೂ ಆರು ಹೊಡೆದಿಲ್ಲ. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಮೂರು ವರ್ಷದ ಪೋರನೊಬ್ಬ ಮಂಚದ ಮೇಲೆ ನಿಂತು, ಆಕಾಶ ಭೂಮಿ ಒಂದಾಗುವ ಹಾಗೆ ಅರಚುತ್ತಿದ್ದಾನೆ. ಅವನ ತಲೆಗೆ ಇಪ್ಪತ್ತೊಂದು ವೈರು ಅಂಟಿಸಿ ಮೇಲೊಂದು ಬಲೆ ಟೋಪಿ ಹಾಕಿದ್ದಾರೆ. ಅವನು ಕುಣಿದಾಗಲೆಲ್ಲ ವೈರುಗಳ ಜುಟ್ಟೂ ಕುಣಿಯುತ್ತದೆ. ಮಕ್ಕಳ ತಲೆಯೊಳಗಿನ ಅಲೆಗಳನ್ನು ಬರೆದುಕೊಳ್ಳುವ ಇಇಜಿ ಕೋಣೆ ಇದು. ಮಗು ಮಲಗಿದರೇ ಪರೀಕ್ಷೆ. ಇಲ್ಲಿ ಬಂದು ಮಲಗಲಿ ಅಂತ ಎರಡು ಗಂಟೆಗೇ ಎಬ್ಬಿಸಿ ಆಡಿಸಿದ್ದಾರೆ. ನಿದ್ದೆ ಬಂದಿದೆ, ಆದರೆ ಅಮ್ಮನ ಕಣ್ಣಿಗೆ!

ಮಂಚದಿಂದ ನಾಲ್ಕಡಿ ದೂರದಲ್ಲಿ ನೆಲಕ್ಕೆ ಕೆಂಪು ಟೇಪು ಅಂಟಿಸಿದೆ. ಟೇಪಿನ ಈಚೆ ಒಂದು ಮರದ ಸ್ಟೂಲು. ಸ್ಟೂಲಿನ ಪಕ್ಕದಲ್ಲಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತರಗತಿಯಿಂದ ಹೊರಗೆ ನಿಲ್ಲಿಸಿದ ಹುಡುಗಿಯ ಹಾಗೆ ನಿಂತಿರುವವರು ಐವತ್ಮೂರು ವರ್ಷದ ತಟ್ಟಕ್ಕ. ಆ ಹೆಸರಲ್ಲದೆ ಬೇರೆ ಹೆಸರಿಂದ ಅವರನ್ನು ಇಲ್ಲಿ ಯಾರೂ ಕರೆಯುವುದಿಲ್ಲ. ತಟ್ಟಿ ತಟ್ಟಿ ಹತ್ತೊಂಬತ್ತು ವರ್ಷದಿಂದ ಮಕ್ಕಳನ್ನು ಮಲಗಿಸುತ್ತಿರುವ ಕೈ ಅದು. ಇವತ್ತು ಮಾತ್ರ ಬೆನ್ನ ಹಿಂದೆ ಅಡಗಿದೆ.

ಕಾರಣ ಹುಡುಗನ ಅಮ್ಮ. ಕೋಣೆಗೆ ಕಾಲಿಡುವ ಮೊದಲೇ ಹೇಳಿಬಿಟ್ಟರು. "ಅವರು ತಟ್ಟೋ ಹಾಗಿಲ್ಲ. ಒಂದ್ಸಲ ಆ ಕೈಯಿಂದ ನನ್ನ ಮಗನಿಗೆ ಆಗಿದ್ದೇ ಸಾಕು."

ತಟ್ಟಕ್ಕ "ಆಗ್ಲಮ್ಮ" ಅಂದು ಕೈ ಹಿಂದಕ್ಕೆ ಕಟ್ಟಿಕೊಂಡರು, ಅಷ್ಟೇ.

ಏಳೂವರೆಯೊಳಗೆ ಹುಡುಗ ಮಲಗಬೇಕು. ಎಂಟಕ್ಕೆ ಇನ್ನೊಂದು ಮಗು ಕಾಯುತ್ತಿದೆ, ಇವತ್ತು ತಪ್ಪಿದರೆ ಮತ್ತೆ ತಾರೀಖು ಸಿಗುವುದು ಎರಡು ತಿಂಗಳ ಮೇಲೆ. ಹುಡುಗನ ಫೈಲಿನ ಮೇಲೆ 'ಫಿಟ್ಸ್' ಅನ್ನುವ ಪದವಿದೆ. ಇವತ್ತಿನ ಹಾಳೆ ಸರಿ ಬಂದರೆ ಡಾಕ್ಟರು ಅದನ್ನು ಹೊಡೆದುಹಾಕಿ ಪತ್ರ ಕೊಡುತ್ತಾರೆ. ಆ ಪತ್ರ ಈ ವಾರದೊಳಗೆ ತಲುಪದಿದ್ದರೆ ಶಿಶುವಿಹಾರದವರು ಅವನನ್ನು ಸೇರಿಸಿಕೊಳ್ಳುವುದಿಲ್ಲವಂತೆ.

ಆ ಪದ ಅವನ ಫೈಲಿಗೆ ಬಂದದ್ದಕ್ಕೆ ಒಂದು ಕತೆಯಿದೆ. ಅದಕ್ಕೆ ಮೊದಲು ಆ ಕೈ ಏನು ಮಾಡಬಲ್ಲದು ಅನ್ನುವುದನ್ನು ಹೇಳಿಬಿಡಬೇಕು.

ನಿನ್ನೆ ಇದೇ ಮಂಚದ ಮೇಲೆ ನಾಲ್ಕು ವರ್ಷದ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪರದೆಯ ಮೇಲೆ ಅವಳ ತಲೆಯ ಗೆರೆಗಳು ಕೋಳಿ ಕೆದಕಿದ ಹಾಗೆ ಇದ್ದವು. ತಟ್ಟಕ್ಕ ಸ್ಟೂಲಿನ ಮುಂದೆ ಕೂತು ಅಂಗೈಯಲ್ಲಿ ತಟ್ಟಲು ಶುರುಮಾಡಿದರು. ಮೂರು ತಟ್ಟು, ಬಿಡುವು, ಒಂದು ತಟ್ಟು. ಮೂರು, ಬಿಡುವು, ಒಂದು. ಮೊದಲು ಬಿಕ್ಕಳಿಕೆಯ ಜೊತೆಗೇ ಓಡಿದ ತಾಳ ಯಾವಾಗ ನಿಧಾನವಾಯಿತೋ ಗೊತ್ತೇ ಆಗಲಿಲ್ಲ. ಹನ್ನೊಂದು ನಿಮಿಷ! ಕೋಳಿ ಕೆದಕಿದ ಗೆರೆಗಳು ಹರಡಿಕೊಂಡು, ದೊಡ್ಡದಾಗಿ, ಸೋಮಾರಿಯಾಗಿ ಉರುಳತೊಡಗಿದವು. ಏಕಾಗ್ರತೆಗೊಂದು, ನಿದ್ದೆಗೊಂದು ಅಂತ ನಾವೆಲ್ಲ ಫೋನಿನಲ್ಲಿ ಸದ್ದು ಇಳಿಸಿಕೊಂಡು ಕಿವಿಗೆ ತುರುಕಿಕೊಳ್ಳುತ್ತೇವಲ್ಲ, ಇಲ್ಲಿ ಬರೀ ಒಂದು ಅಂಗೈ ಅದೇ ಕೆಲಸವನ್ನು ಕಣ್ಣೆದುರೇ ಮಾಡಿಬಿಟ್ಟಿತು.

"ಮೊದ್ಲೇ ನಿಧಾನ ತಟ್ಟಿದ್ರೆ ಮಗು ಕೇಳಲ್ಲ," ಅನ್ನುತ್ತಾರೆ ತಟ್ಟಕ್ಕ. "ಅದು ಎಷ್ಟು ಜೋರಾಗಿ ಅಳ್ತಿದೆಯೋ ಅಷ್ಟೇ ಜೋರಾಗಿ ನಾವೂ ಹೋಗಿ ಸೇರ್ಕೋಬೇಕು. ಆಮೇಲೆ ಇಳಿಜಾರಲ್ಲಿ ಕೈ ಹಿಡ್ಕೊಂಡು ಇಳಿಸ್ತೀವಲ್ಲ, ಹಾಗೆ ಇಳಿಸ್ಕೊಂಡು ಬರೋದು."

ತಾಳ ನಿಜವಾಗಿ ಮಿದುಳಿನ ಅಲೆಯನ್ನೇ ಎಳೆದುಕೊಂಡು ಹೋಗುತ್ತದಾ? ಇದಕ್ಕೆ ಡಾಕ್ಟರಮ್ಮನ ಉತ್ತರ ಹುಷಾರಿನದು. "ಅಲೆ ಇವರ ತಾಳಕ್ಕೆ ಕುಣಿಯುತ್ತೋ, ಮಗುಗೆ ಧೈರ್ಯ ಬಂದು ತಾನೇ ಇಳಿಯುತ್ತೋ, ನಾನು ಅಳೆದಿಲ್ಲ. ಇವರಿದ್ರೆ ಮಲಗ್ತವೆ. ಅಷ್ಟು ಮಾತ್ರ ಗೊತ್ತು."

ತಾಳ ಬಂದದ್ದು ತಾಯಿಯಿಂದ. ತಟ್ಟಕ್ಕನ ತಾಯಿ ನೂಲಿನ ಮಿಲ್ಲಿನಲ್ಲಿ ಕೂಸುಗಳ ಕೋಣೆ ನೋಡಿಕೊಳ್ಳುತ್ತಿದ್ದರು. ಕೆಲಸದ ಹೆಂಗಸರ ಹನ್ನೆರಡು ಕೂಸುಗಳು, ಗೋಡೆಯಾಚೆ ಯಂತ್ರ. ಯಂತ್ರದ ಸದ್ದಿಗೇ ಕೂಸುಗಳು ಮಲಗುತ್ತಿದ್ದವು. ತಮಾಷೆ ಏನೆಂದರೆ ಸದ್ದು ನಿಂತರೆ ಎಚ್ಚರ! "ಕರೆಂಟ್ ಹೋಯ್ತು ಅಂದ್ರೆ ಹನ್ನೆರಡೂ ಒಟ್ಟಿಗೆ ಬಾಯಿ ತೆಗೀತಿದ್ವು. ನಮ್ಮಮ್ಮ ತಕ್ಷಣ ಬಕೆಟ್ ಬೋರಲು ಹಾಕಿ ಯಂತ್ರದ ಹಾಗೇ ಬಡಿಯೋಳು. ಮೂರು, ಬಿಡುವು, ಒಂದು. ಕರೆಂಟ್ ಬರೋವರೆಗೂ ನಮ್ಮಮ್ಮನೇ ಮಿಲ್ಲು."

ಮಿಲ್ಲು ಮುಚ್ಚಿದ ಮೇಲೆ ಮಗಳು ಈ ಆಸ್ಪತ್ರೆಗೆ ನೆಲ ಒರೆಸುವ ಕೆಲಸಕ್ಕೆ ಸೇರಿದರು. ಕಡತದಲ್ಲಿ ಇವತ್ತಿಗೂ ಅವರು 'ಸ್ವಚ್ಛತಾ ಸಿಬ್ಬಂದಿ'. ತಟ್ಟುವ ಕೆಲಸಕ್ಕೆ ಯಾವ ಪುಸ್ತಕದಲ್ಲೂ ಹೆಸರಿಲ್ಲ. ಐದಕ್ಕೆ ಬಂದು ಎರಡು ಮಹಡಿ ಒರೆಸಿ, ಐದೂ ಮುಕ್ಕಾಲಿಗೆ ಕೈ ತೊಳೆದು ಸ್ಟೂಲಿಗೆ ಕೂರುತ್ತಾರೆ. ದಿನಕ್ಕೆ ಆರೇಳು ಮಕ್ಕಳು, ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಗುಣಿಸಿ ನೋಡಿದರೆ ದಿನಕ್ಕೆ ಹದಿನೈದು ಸಾವಿರ ತಟ್ಟಿಗೆ ಮೋಸವಿಲ್ಲ. ಲೆಕ್ಕ ಕೇಳಿ ಅವರೇ ನಕ್ಕರು. "ಉಸಿರಾಡೋದನ್ನ ಯಾರಾದ್ರೂ ಎಣಿಸ್ತಾರಾ?" ಬಲಗೈ ಹಸ್ತದ ಬುಡ ಚಪ್ಪಲಿ ಅಟ್ಟೆಯಷ್ಟು ಗಟ್ಟಿ.

ಎಚ್ಚರವಿರಬೇಕಾದ ಮಕ್ಕಳಿಗೆ ಬೇರೆ ತಾಳವಿದೆ. ಮೂರು ನಿಮಿಷ ಎಡೆಬಿಡದೆ ಕಾಗದದ ಗಿರಗಟ್ಟೆ ಊದುವ ಪರೀಕ್ಷೆಯಲ್ಲಿ ಮಕ್ಕಳ ಗಮನ ಅರ್ಧಕ್ಕೇ ಕಿಟಕಿಯಾಚೆ ಹಾರುತ್ತದೆ. ಆಗ ತಟ್ಟಕ್ಕ ಎರಡು ಬೆರಳಲ್ಲಿ ಟಕ್ ಟಕ್ ಅಂತ ಸಮನಾಗಿ ಬಡಿಯುತ್ತಾರೆ, ಮಗು ಒಂದೊಂದು ಟಕ್ಕಿಗೂ ಊದುತ್ತದೆ. ಪಕ್ಕದ ಕೋಣೆಯ ನರ್ಸಿಂಗ್ ಹುಡುಗಿಯರು ಆ ಹೊತ್ತು ನೋಡಿಕೊಂಡೇ ಪುಸ್ತಕ ತೆರೆಯುತ್ತಾರಂತೆ, ಓದಿದ್ದು ತಲೆಗೆ ಹತ್ತುತ್ತದೆ ಅಂತ!

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಕಿಲುಬು ಕಾಸಿನ ಬೆಲೆ ಇಲ್ಲ. ಯಜಮಾನರು ಬಸ್ ಡ್ರೈವರು. "ನಾನು ಅವ್ರ ಬಸ್ ಹತ್ತಿದ್ರೆ ಕೊನೇ ಸೀಟು ತೋರಿಸ್ತಾರೆ. 'ಹಿಂದೆ ಹೋಗಿ ಕೂತ್ಕೋ ಮಾರಾಯ್ತಿ, ಅಪ್ಪಿತಪ್ಪಿ ಸೀಟು ತಟ್ಟಿಬಿಟ್ಟೆ ಅಂದ್ರೆ ಐವತ್ತು ಜನ ಹಳ್ಳಕ್ಕೆ' ಅಂತಾರೆ."

ಈ ನಗುವಿನ ಹಿಂದೆಯೇ ಆ ಸುದ್ದಿ ಅಡಗಿದೆ.

ಎರಡು ವರ್ಷದ ಹಿಂದೆ ಕೆಂಪು ಟೇಪು ಇರಲಿಲ್ಲ, ಸ್ಟೂಲೂ ಇರಲಿಲ್ಲ. ತಟ್ಟಕ್ಕ ಮಂಚದ ಮೇಲೇ ಕೂತು ಮಗುವಿನ ಬೆನ್ನು ತಟ್ಟುತ್ತಿದ್ದರು. ಒಂದು ದಿನ ಹನ್ನೊಂದು ತಿಂಗಳ ಕೂಸು ಬಂತು. ನಿದ್ದೆಯಲ್ಲಿ ಬೆಚ್ಚಿಬೀಳುತ್ತದೆ ಅಂತ ಅಮ್ಮನಿಗೆ ಹೆದರಿಕೆ. ತಟ್ಟಕ್ಕ ಬೆನ್ನು ತಟ್ಟಿದರು, ಕೂಸು ಮಲಗಿತು, ಹಾಳೆ ಡಾಕ್ಟರಮ್ಮನ ಕೈಗೆ ಹೋಯಿತು. ಹಾಳೆಯಲ್ಲಿ ಚೂಪು ಚೂಪಾದ ಅಲೆಗಳು ಸರಣಿಯಾಗಿ ಮತ್ತೆ ಮತ್ತೆ ಬಂದಿದ್ದವು. ಬೆಚ್ಚುವ ಕೂಸು, ಸರಣಿ ಅಲೆ, ಇನ್ನೇನು ಬೇಕು? 'ಫಿಟ್ಸ್' ಅಂತ ಬರೆದು ಮಾತ್ರೆ ಶುರುಮಾಡಿದರು.

ನಾಲ್ಕು ತಿಂಗಳಾದ ಮೇಲೆ ಅದೇ ಅಮ್ಮ ಮಾತ್ರೆಗೆ ಬಂದು ಬೆಂಚಿನಲ್ಲಿ ಕೂತಿದ್ದರು. ತಟ್ಟಕ್ಕ ನೆಲ ಒರೆಸುತ್ತಾ ಅಲ್ಲಿಗೆ ಬಂದರು. ಕೂಸು ಹೆಗಲ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು, ಕಣ್ಣು ಅರ್ಧ ತೆರೆದಿತ್ತು. ಅಮ್ಮನ ತೊಡೆಯ ಮೇಲೆ ಹಳೆಯ ಹಾಳೆ ಬಿಚ್ಚಿಕೊಂಡಿತ್ತು.

"ನನಗೆ ಆ ಹಾಳೆ ಓದೋಕೆ ಬರಲ್ಲ," ಅನ್ನುತ್ತಾರೆ ತಟ್ಟಕ್ಕ. ಇಲ್ಲಿ ಅವರ ದನಿ ಇಳಿಯುತ್ತದೆ. "ಸುಮ್ನೆ ಕಣ್ಣು ಹೋಯ್ತು. ಮೂರು ಮೊನೆ ಹತ್ತತ್ರ, ಆಮೇಲೆ ಖಾಲಿ, ಆಮೇಲೆ ಒಂದು ಮೊನೆ. ಮತ್ತೆ ಮೂರು, ಖಾಲಿ, ಒಂದು. ಹಾಳೆ ತುಂಬ ಅದೇ. ಒರೆಸೋ ಕೋಲು ಕೈಯಿಂದ ಬಿದ್ದೇಹೋಯ್ತು. ಅದು ಆ ಕೂಸಿನ ತಲೆ ಅಲ್ಲ. ನನ್ನ ಕೈ."

ಬೆನ್ನು ತಟ್ಟಿದಾಗ ತಲೆ ಅಲುಗಿ, ವೈರು ಅಲುಗಿ, ಮಿಲ್ಲಿನ ತಾಳ ಹೋಗಿ ಹಾಳೆಯಲ್ಲಿ ರೋಗವಾಗಿ ಕೂತಿತ್ತು!

ಹೆಡ್ ನರ್ಸ್‌ಗೆ ಹೇಳಿದರೆ, "ಬಾಯಿ ಮುಚ್ಕೊಂಡು ಇರ್ತೀಯಾ? ಕೆಲಸ ಹೋಗುತ್ತೆ ನಿಂದು" ಅಂದರು. ಕೂಸಿನ ಅರೆಗಣ್ಣು ತಟ್ಟಕ್ಕನನ್ನು ಬಿಡಲಿಲ್ಲ. ಬಕೆಟ್ ಹಿಡಿದುಕೊಂಡೇ ಡಾಕ್ಟರಮ್ಮನ ಬಾಗಿಲು ತಳ್ಳಿದರು. ಡಾಕ್ಟರಮ್ಮ ನಂಬಲಿಲ್ಲ. "ಹಾಗಿದ್ರೆ ಟೆಕ್ನಿಷಿಯನ್ ಬರೀತಿದ್ದ. ಮಗುವನ್ನ ಮುಟ್ಟಿದ್ರೆ ಪಕ್ಕದಲ್ಲಿ ಗುರುತು ಹಾಕ್ಬೇಕು ಅಂತಲೇ ಅವನು ಇರೋದು" ಅಂದರು.

ಟೆಕ್ನಿಷಿಯನ್ನನ್ನು ಕರೆಸಿದರು. ಆತ ತಲೆ ತಗ್ಗಿಸಿ ನಿಂತ. ಈಗಲೂ ಆ ಮಾತು ಬಂದರೆ ತಲೆ ತಗ್ಗುತ್ತದೆ. "ಅವತ್ತು ಅಕ್ಕ ತಟ್ಟಿದ್ದಕ್ಕೆ ಕೂಸಿಗಿಂತ ಮೊದ್ಲು ನಾನೇ ಮಲಗಿಬಿಟ್ಟಿದ್ದೆ."

ಡಾಕ್ಟರಮ್ಮ ತಮ್ಮ ತಲೆಗೇ ವೈರು ಅಂಟಿಸಿಕೊಂಡು, ಅದೇ ಮಂಚದಲ್ಲಿ ಮಗ್ಗುಲಾಗಿ ಮಲಗಿ, "ತಟ್ಟು" ಅಂದರು. ಪರದೆಯ ಮೇಲೆ ಮೂರು ಮೊನೆ, ಖಾಲಿ, ಒಂದು ಮೊನೆ. ಕೂಸಿನ ಹಾಳೆ ಪಕ್ಕದಲ್ಲಿಟ್ಟರೆ ಒಂದೇ ಅಚ್ಚು.

ಕೂಸಿಗೆ ಮರುದಿನವೇ ಮತ್ತೆ ಪರೀಕ್ಷೆ ಮಾಡಿದರು. ಯಾರೂ ತಟ್ಟಬೇಕಾಗಲಿಲ್ಲ, ಮಾತ್ರೆಯ ಮಂಪರಿನಲ್ಲಿ ಅದು ತಾನಾಗೇ ಮಲಗಿತ್ತು. ಅಲೆ ಚೊಕ್ಕವಾಗಿತ್ತು. ಮಾತ್ರೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನಿಲ್ಲಿಸಿದರು. ಮಾತ್ರೆ ಇಲ್ಲದೆಯೂ ಇನ್ನೊಂದು ಹಾಳೆ ಚೊಕ್ಕ ಬರುವವರೆಗೆ ಫೈಲಿನ ಮೇಲಿನ ಪದ ಮಾತ್ರ ಹಾಗೇ ಇರಲಿ ಅಂದರು. ಡಾಕ್ಟರಮ್ಮ ಆ ಅಮ್ಮನ ಮುಂದೆ ಕೈ ಮುಗಿದು ತಪ್ಪು ಒಪ್ಪಿಕೊಂಡರು. ತಟ್ಟಕ್ಕನನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದರು.

ಮೂರೇ ತಿಂಗಳು! ಅಷ್ಟರಲ್ಲಿ ಮಲಗದ ಮಕ್ಕಳ ಸಾಲು ಮೆಟ್ಟಿಲವರೆಗೆ ಬೆಳೆದಿತ್ತು. ಮುಟ್ಟದೆ, ಬರೀ ಸದ್ದಿನಿಂದ ಮಲಗಿಸಬಹುದಾ ಅಂತ ಯೋಚನೆ ಬಂತು. ಆದರೆ ಸದ್ದು ಕೂಡ ವೈರಿಗೆ ಹತ್ತಿದರೆ? ಅದನ್ನು ನೋಡಲು ಒಂದು ಕಲ್ಲಂಗಡಿ ಹಣ್ಣು ತಂದು, ದಿಂಬಿನ ಮೇಲೆ ಮಲಗಿಸಿ, ಇಪ್ಪತ್ತೊಂದೂ ವೈರು ಅಂಟಿಸಿ, ಟೋಪಿ ಹಾಕಿದರು. ನಾಲ್ಕಡಿ ದೂರದಲ್ಲಿ ತಟ್ಟಕ್ಕ ಸ್ಟೂಲು ತಟ್ಟಿದರು. ಅರ್ಧ ಗಂಟೆ ತಟ್ಟಿದರೂ ಮೂರು, ಬಿಡುವು, ಒಂದು ಎಲ್ಲೂ ಕಾಣಲಿಲ್ಲ. ಅವತ್ತೇ ಕೆಂಪು ಟೇಪು ಬಿತ್ತು. "ಇಷ್ಟು ವರ್ಷದಲ್ಲಿ ನಾನು ತಟ್ಟಿದ್ರೂ ಮಲಗದೇ ಇದ್ದಿದ್ದು ಆ ಹಣ್ಣೊಂದೇ" ಅಂತ ತಟ್ಟಕ್ಕ ನಗುತ್ತಾರೆ. ಟೆಕ್ನಿಷಿಯನ್ನನ ಕುರ್ಚಿಯನ್ನೂ ಅವತ್ತೇ ಹೊರಗೆ ಹಾಕಿದರು. ಅಂದಿನಿಂದ ಆತ ನಿಂತೇ ಕೆಲಸ ಮಾಡುತ್ತಾನೆ.

ಆ ಕೂಸೇ ಇವತ್ತು ಮಂಚದ ಮೇಲೆ ಕುಣಿಯುತ್ತಿರುವ ಪೋರ.

ಆರೂವರೆ. ಅಮ್ಮ ಕತೆ ಹೇಳಿದ್ದಾಯಿತು, ಎತ್ತಿಕೊಂಡು ಓಡಾಡಿದ್ದಾಯಿತು, ಗದರಿದ್ದಾಯಿತು. ಏಳು. ಹುಡುಗನಿಗೆ ಅತ್ತೂ ಅತ್ತೂ ದನಿ ಕಟ್ಟಿದೆ, ರೆಪ್ಪೆ ಮಾತ್ರ ಅಂಟಿಲ್ಲ. ಏಳೂ ಹತ್ತು. ಟೆಕ್ನಿಷಿಯನ್ ಗಡಿಯಾರ ನೋಡುತ್ತಾನೆ. ತಟ್ಟಕ್ಕನ ಬೆನ್ನ ಹಿಂದೆ ಬಲಗೈ ಎಡಗೈಯನ್ನು ಬಿಗಿಯಾಗಿ ಹಿಡಿದಿದೆ. ಹಿಡಿದ ಬೆರಳುಗಳು ಹುಡುಗನ ಬಿಕ್ಕಳಿಕೆಗೆ ಸರಿಯಾಗಿ ಸದ್ದಿಲ್ಲದೆ ಮಿಡಿಯುತ್ತಿವೆ.

ನೀರಿನ ಬಾಟಲಿ ತೆಗೆದುಕೊಳ್ಳಲು ಅವರ ಹಿಂದಿನಿಂದ ಹಾದ ಅಮ್ಮ ಅದನ್ನು ನೋಡುತ್ತಾರೆ.

"ಅವತ್ತು ನೀವು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅಲ್ವಾ?" ಅಂದರು.

"ನನಗೆ ಗೊತ್ತಾಗಿತ್ತಲ್ಲಮ್ಮ" ಅಂದರು ತಟ್ಟಕ್ಕ.

ಅಮ್ಮ ಮಗನ ಪಕ್ಕ ಗೋಡೆಗೊರಗಿ ಕೂತರು. "ತಟ್ಟಿ. ಟೇಪು ದಾಟ್ಬೇಡಿ."

ತಟ್ಟಕ್ಕ ಸ್ಟೂಲಿಗೆ ಕೂರುತ್ತಾರೆ. ಮೂರು ತಟ್ಟು, ಬಿಡುವು, ಒಂದು ತಟ್ಟು. ಮೊದಲು ಜೋರು, ಬಿಕ್ಕಳಿಕೆಯ ಜೊತೆಗೆ. ಹುಡುಗ ತಿರುಗಿ ನೋಡುತ್ತಾನೆ. ಇಳಿಜಾರು ಶುರುವಾಗುತ್ತದೆ. ಒಂಬತ್ತನೇ ನಿಮಿಷಕ್ಕೆ ಅಮ್ಮನ ತಲೆ ಗೋಡೆಗೆ ವಾಲುತ್ತದೆ. ಹದಿಮೂರನೆಯದಕ್ಕೆ ಹುಡುಗನ ಮುಷ್ಟಿ ಸಡಿಲವಾಗುತ್ತದೆ. ಪರದೆಯ ಮೇಲೆ ಗೆರೆಗಳು ಹರಡಿ, ಉಬ್ಬಿ, ಉರುಳುತ್ತವೆ. ನಿಂತೇ ಇರುವ ಟೆಕ್ನಿಷಿಯನ್ ತನ್ನ ಕೆನ್ನೆಗೆ ತಾನೇ ಎರಡು ಬಾರಿಸಿಕೊಂಡು ಗುರುತು ಹಾಕುತ್ತಾನೆ: ಏಳು ಇಪ್ಪತ್ತಾರು, ನಿದ್ದೆ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಡಾಕ್ಟರಮ್ಮ ಬಂದು ಹಾಳೆ ಮೇಲಿಂದ ಕೆಳಗೆ ನೋಡಿ, ಫೈಲಿನ ಮೇಲಿನ ಆ ಪದಕ್ಕೆ ಅಡ್ಡಗೆರೆ ಎಳೆದು ಸಹಿ ಹಾಕುತ್ತಾರೆ. ಅಮ್ಮನಿಗೆ ಇನ್ನೂ ಎಚ್ಚರವಾಗಿಲ್ಲ, ಯಾರೂ ಎಬ್ಬಿಸುವುದಿಲ್ಲ.

ಏನಾದರೂ ಆಸೆ ಇದೆಯಾ ಅಂತ ಕೇಳಿದರೆ, ತಟ್ಟಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಹಾಳೆಯನ್ನು ಒಂದು ನಿಮಿಷ ಕೇಳಿ ಪಡೆಯುತ್ತಾರೆ. ದಪ್ಪಗಾದ ಬೆರಳನ್ನು ಗೆರೆಯ ಕೆಳಗಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದನ್ನೂ ಬಿಡದೆ, ಇಪ್ಪತ್ತೊಂದೂ ಗೆರೆಯನ್ನು ಹುಡುಕುತ್ತಾರೆ. ಆಮೇಲೆ ಮುಖ ಎತ್ತುತ್ತಾರೆ.

"ನೋಡಿ, ನನ್ನ ಕೈ ಎಲ್ಲೂ ಇಲ್ಲ."