ಹಾಜರಿ ಪುಸ್ತಕದಲ್ಲೊಂದು ಹೆಸರು

ಇಳಕಲ್ಲಿನಲ್ಲಿ ನಾನು ಮ್ಯಾನೇಜರ್ ಆಗಿರುವ ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ ಸುಡಾನಿನ ಯುವಕನೊಬ್ಬ ಕೆಲಸ ಕೇಳಿಕೊಂಡು ಬಂದ. ಬಾಗಲಕೋಟೆಯಲ್ಲಿ ಓದುತ್ತಾ ನಮ್ಮ ಮಾತು ಕಲಿತಿದ್ದ; ಆಗಲೇ ಅವನ ಊರಲ್ಲಿ ಯುದ್ಧ ಶುರುವಾಗಿತ್ತು. ಆಶ್ರಯ ಕೋರಿ ದಿಲ್ಲಿಯ ವಿಶ್ವಸಂಸ್ಥೆ ಕಚೇರಿಗೆ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತಿದ್ದ.

"ಕೆಲಸ ಮಾಡಾಕ ಪರವಾನಗಿ ಐತೇನು?" ಅಂದೆ.

"ಇನ್ನೂ ಇಲ್ರಿ. ನೀವು ಕೆಲಸ ಕೊಡ್ತೇನಂತ ಪತ್ರ ಬರದ್ರ ಸರಕಾರದಾಗ ಪರವಾನಗಿ ಕೇಳಿ ನೋಡ್ತೇನಿ."

ಪಾಪ ಅನ್ನಿಸಿತು. "ಪತ್ರ ಯಾಕ? ನಾಳಿಂದನ ಬಾ. ಹಾಜರಿ ಪುಸ್ತಕದಾಗ ನಿನ್ನ ಹೆಸರು ಬರಿಯೂದಿಲ್ಲ, ಯಾರಿಗೂ ಗೊತ್ತಾಗೂದಿಲ್ಲ."

ಅವನು ಒಪ್ಪಲಿಲ್ಲ. "ಬ್ಯಾಡ್ರಿ. ಸಿಕ್ಕಿಬಿದ್ರ ವಾಪಸ್ ಕಳಿಸ್ತಾರ. ಹೆಸರು ಬರಕೊಳ್ಳೂದಾದ್ರ ಬರ್ತೇನಿ."

ಪತ್ರ ಬರೆದುಕೊಟ್ಟೆ. ಕೆಲವು ತಿಂಗಳ ಮೇಲೆ ಫೋನ್ ಮಾಡಿ, ಪರವಾನಗಿ ಸಿಗಲಿಲ್ಲ ಎಂದ. ನಮ್ಮಲ್ಲಿ ದುಡಿಯುವ ಊರ ಮಂದಿಯಲ್ಲೇ ಅರ್ಧ ಜನರ ಹೆಸರು ಆ ಪುಸ್ತಕದಲ್ಲಿಲ್ಲ. ಬರೆದುಕೊಳ್ಳಿ ಎಂದು ಕೇಳಿದವನು ಮಾತ್ರ ಅವನೊಬ್ಬನೇ.