ತಾಟಿನ ಮೇಲಿನ ಹೆಸರು

ಗಂಗಾವತಿಯ ನಮ್ಮ ಮನೆಯನ್ನು ಕೊಳ್ಳಲೆಂದು ನೋಡಲು ಬಂದಿದ್ದ ಹೆಣ್ಣುಮಗಳು ಮಂಡಕ್ಕಿ ತಿಂದು ಮುಗಿಸಿ, ಖಾಲಿ ತಾಟನ್ನು ಕಣ್ಣಿನ ಹತ್ತಿರ ಹಿಡಿದರು. ಸ್ಟೀಲಿನ ಮೇಲೆ ಕೆತ್ತಿದ್ದನ್ನು ಜೋರಾಗಿ ಓದಿದರು: “ಶಾಂತವ್ವ.” ಆಮೇಲೆ ಲೋಟ ತಿರುಗಿಸಿದರು: “ರಜಿಯಾ.” ನನ್ನತ್ತ ನೋಡಿ, “ನಿಮ್ಮ ಹೆಸರು ಗಿರಿಜಾ ಅಂದ್ರಿ. ಹಂಗಾದ್ರ ಇವ್ರೆಲ್ಲಾ ಯಾರ್ರೀ?” ಎಂದರು.

ಮನೆ ಕಳೆಕಳೆಯಾಗಿ ಕಂಡರೆ ಬೇಗ ಮಾರಾಟವಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿ, ಓಣಿಯವರ ಹೊಸ ಸಾಮಾನನ್ನೆಲ್ಲ ಎರವಲು ತಂದು ಜೋಡಿಸಿದ್ದೆ. ಪರದೆ, ಕುರ್ಚಿ, ಕಿನ್ನಾಳದ ಮರದ ಗಿಳಿಗೊಂಬೆ, ಯಾವುದೂ ನಮ್ಮದಲ್ಲ. ಪಾತ್ರೆಗೆಲ್ಲ ಹೆಸರು ಹಾಕಿಸುವ ನಮ್ಮ ಮಂದಿಯ ಚಟವೇ ಮರೆತುಹೋಗಿತ್ತು. ನಮ್ಮ ಯಜಮಾನರು ತಲೆಯೆತ್ತಿ ಫ್ಯಾನನ್ನೇ ನೋಡುತ್ತ ಕುಳಿತರು. ಅದೊಂದು ನಮ್ಮದೇ ಆಗಿತ್ತು.

ನಾನು ನಾಚಿಕೊಂಡು ಎಲ್ಲ ಒಪ್ಪಿಕೊಂಡೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೇಳಿದ ಕೂಡ್ಲೆ ಇಷ್ಟೆಲ್ಲಾ ಕೊಡೋ ಮಂದಿ ಬಾಜೂಕ ಅದಾರಂದ್ರ, ಈ ಮನಿ ನಮಗ ಬೇಕ್ರಿ!”

ಮನೆ ಅವರಿಗೇ ಮಾರಿ, ಕೊಪ್ಪಳದ ಹೊಸ ಮನೆಗೆ ಬಂದು ಗಂಟು ಬಿಚ್ಚಿದರೆ ಶಾಂತವ್ವನ ತಾಟು ನಮ್ಮ ಜೊತೆಗೇ ಬಂದುಬಿಟ್ಟಿತ್ತು. ಬೇಕೆಂದೇ ಇನ್ನೂ ವಾಪಸು ಕೊಟ್ಟಿಲ್ಲ. ಕೊಟ್ಟುಬಿಟ್ಟರೆ ಆ ಓಣಿಗೆ ಹೋಗಲು ನನಗೆ ಬೇರೆ ಏನು ನೆಪ ಉಳಿಯುತ್ತದೆ?