ಕೊನೆ ಬೆಂಚಿನ ಮೇಡಂ

ನಮ್ಮ ಬಿ.ಎಡ್. ಕಾಲೇಜಿನ ಮೇಡಂ, ನಾವು ಪಾಠ ಮಾಡುವುದನ್ನು ನೋಡಲು ವಿಜಯನಗರದ ಶಾಲೆಗಳಿಗೆ ಬಂದಾಗ, ಕೊನೆ ಬೆಂಚಿನಲ್ಲಿ ಮಕ್ಕಳ ಪಕ್ಕ ಮಂಡಿ ಹಿಡಿಸದೆ ಓರೆಯಾಗಿ ಕೂರುತ್ತಿದ್ದರು. ಕನ್ನಡಕ ತೆಗೆದು, ಕಣ್ಣೊತ್ತಿಕೊಂಡು, "ಶುರು ಮಾಡಮ್ಮಾ" ಎನ್ನುತ್ತಿದ್ದರು.

ಅವರ ಮುಂದೆ ತರಗತಿ ಚುರುಕಾಗಿ ಕಾಣಲೆಂದು ನಾವೆಲ್ಲ ಮಕ್ಕಳಿಗೆ ಮೊದಲೇ ಹೇಳಿಕೊಡುತ್ತಿದ್ದೆವು: ಪ್ರಶ್ನೆ ಕೇಳಿದರೆ ಎಲ್ಲರೂ ಕೈ ಎತ್ತಬೇಕು, ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಆಮೇಲೆ ಬಲಗೈಯವರನ್ನಷ್ಟೇ ಎಬ್ಬಿಸಿದರಾಯಿತು. ಮೇಡಂ ಬೈಯುತ್ತಿರಲಿಲ್ಲ. "ಚೆನ್ನಾಗಿತ್ತು ಕಣಮ್ಮಾ. ಎಡಗೈಯವರಿಗೆ ಯಾವಾಗ ಪಾಠ ಮಾಡ್ತೀಯಾ?" ಎಂದು ಕೇಳಿ ಎದ್ದು ಹೋಗುತ್ತಿದ್ದರು. ಪ್ರತಿ ಬ್ಯಾಚಿಗೂ ಅದೇ ಮಾತು. ಪ್ರತಿ ಬ್ಯಾಚಿನದೂ ಅದೇ ಉಪಾಯ.

ಶಾಲೆಗಳ ಮುಖ್ಯೋಪಾಧ್ಯಾಯರ ನಾಯಕತ್ವ ಮೇಡಂ ಅವರ ಸಂಶೋಧನೆಯ ವಿಷಯವಾಗಿತ್ತು. ಅವರು ನಿವೃತ್ತರಾದ ದಿನ, ಅಷ್ಟು ಹೊತ್ತಿಗೆ ಶಿಕ್ಷಕಿಯರಾಗಿದ್ದ ನಾವೆಲ್ಲ ಕಾಲೇಜಿನ ಸಭಾಂಗಣದಲ್ಲಿ ಸೇರಿದ್ದೆವು. ಅಧಿಕಾರಿಯೊಬ್ಬರು ಮೈಕು ಹಿಡಿದು, "ಮೇಡಂ ಸಂಶೋಧನೆಯಿಂದ ನಮ್ಮ ಶಾಲೆಗಳು ಬದಲಾಗಿವೆ, ಅಲ್ವಾ? ಹೌದು ಅನ್ನೋರೆಲ್ಲ ಕೈ ಎತ್ತಿ ನೋಡೋಣ!" ಎಂದರು. ಇಡೀ ಸಭೆ ಕೈ ಎತ್ತಿತು.

ವೇದಿಕೆಯ ಮೇಲೆ, ಹಾರದ ಭಾರಕ್ಕೆ ಕತ್ತು ಬಗ್ಗಿಸಿ ಕೂತಿದ್ದ ಮೇಡಂ ನಮ್ಮ ಕೈಗಳನ್ನೇ ನೋಡಿದರು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಆಮೇಲೆ ಅವರೂ ನಿಧಾನವಾಗಿ ಎಡಗೈ ಎತ್ತಿದರು.